ಮೈಸೂರು ನಗರ ಕೇಂದ್ರದ ಪಾರಂಪರಿಕ ಕಟ್ಟಡಗಳು

ಮೈಸೂರು ನಗರ ಕೇಂದ್ರದ ಪಾರಂಪರಿಕ ಕಟ್ಟಡಗಳು ಎಂದರೆ ಮೈಸೂರಿನ ಕೋಟೆಯೊಳಗೂ ಅದರ ಸುತ್ತಲಿನ ಪೇಟೆಯಲ್ಲೂ, ಮುಖ್ಯವಾಗಿ 1799ರಿಂದ 1947ರವರೆಗಿನ ಅವಧಿಯಲ್ಲಿ, ಅರಮನೆ, ಆಡಳಿತ, ವ್ಯಾಪಾರ, ವಿದ್ಯೆ, ವೈದ್ಯ ಮತ್ತು ಧಾರ್ಮಿಕ ಉದ್ದೇಶಗಳಿಗಾಗಿ ನಿರ್ಮಾಣವಾದ ಕಟ್ಟಡಗಳ ಸಮೂಹ. ಈ ಕಟ್ಟಡಗಳಲ್ಲಿ ಬಹುಪಾಲು ಇಟ್ಟಿಗೆ, ಕಲ್ಲು, ಮರ ಮತ್ತು ಸುಣ್ಣದ ಗಾರೆಯಿಂದ ಕಟ್ಟಿದವು. ಅರಮನೆಯನ್ನು ನಡುವಿಗಿಟ್ಟುಕೊಂಡು ವೃತ್ತ, ಹೆದ್ದಾರಿ, ಮಾರುಕಟ್ಟೆ ಮತ್ತು ಗಡಿಯಾರ ಗೋಪುರಗಳನ್ನು ಒಂದಕ್ಕೊಂದು ಹೊಂದಿಸಿ ಬೆಳೆಸಿದ ನಗರ ರಚನೆ ಇವುಗಳ ಹಿನ್ನೆಲೆಯಲ್ಲಿರುವುದರಿಂದ, ಇವುಗಳನ್ನು ಬಿಡಿ ಬಿಡಿ ಸ್ಮಾರಕಗಳೆಂದು ನೋಡುವುದಕ್ಕಿಂತ ಒಂದೇ ಸಮುಚ್ಚಯವೆಂದು ಪರಿಗಣಿಸುವುದು ರೂಢಿ.

ವ್ಯಾಪ್ತಿ ಮತ್ತು ಪರಿಭಾಷೆ

ನಗರ ಕೇಂದ್ರ ಎಂಬ ಮಾತು ಇಲ್ಲಿ ಅಂಬಾವಿಲಾಸ ಅರಮನೆಯ ಕೋಟೆ, ಅದರ ಉತ್ತರಕ್ಕಿರುವ ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ ಮತ್ತು ಗಾಂಧಿ ಚೌಕ, ಅಲ್ಲಿಂದ ಮುಂದೆ ಸಾಗುವ ಸಯ್ಯಾಜಿರಾವ್ ರಸ್ತೆ, ಪಶ್ಚಿಮದ ಜಗನ್ಮೋಹನ ಅರಮನೆಯ ಪರಿಸರ ಹಾಗೂ ಪೂರ್ವದ ಅಶೋಕ ರಸ್ತೆ ಇವನ್ನು ಒಳಗೊಂಡ ಪ್ರದೇಶವನ್ನು ಸೂಚಿಸುತ್ತದೆ. ಕೃಷ್ಣರಾಜ ಬುಲೆವಾರ್ಡ್ ಸುತ್ತಲಿನ ಕಾಲೇಜು ಮತ್ತು ಕಚೇರಿಗಳ ವಲಯ ಹಾಗೂ ನಜರ್‌ಬಾದಿನ ಸರ್ಕಾರಿ ಭವನ ಈ ಪ್ರದೇಶದ ಅಂಚಿನಲ್ಲಿದ್ದರೂ ಅದೇ ನಿರ್ಮಾಣ ಪರಂಪರೆಗೆ ಸೇರಿದವು.

ಪಾರಂಪರಿಕ ಕಟ್ಟಡ ಎಂಬುದು ವಾಸ್ತುಶಿಲ್ಪ, ಇತಿಹಾಸ ಅಥವಾ ಸಾಂಸ್ಕೃತಿಕ ಮಹತ್ವದ ಕಾರಣದಿಂದ ಉಳಿಸಿಕೊಳ್ಳಬೇಕಾದದ್ದೆಂದು ಗುರುತಿಸಲಾದ ಕಟ್ಟಡ. ಸಂರಕ್ಷಿತ ಸ್ಮಾರಕ ಎಂಬುದು ಅದಕ್ಕಿಂತ ಕಿರಿದಾದ ಅರ್ಥದ್ದಾಗಿದ್ದು, ಪುರಾತತ್ವ ಕಾಯ್ದೆಯ ಅಡಿಯಲ್ಲಿ ಅಧಿಕೃತವಾಗಿ ಘೋಷಿತವಾದ ರಚನೆಗೆ ಮಾತ್ರ ಅನ್ವಯಿಸುತ್ತದೆ. ಮೈಸೂರಿನ ಹೆಚ್ಚಿನ ಹಳೆಯ ಕಟ್ಟಡಗಳು ಮೊದಲ ವರ್ಗಕ್ಕೆ ಸೇರಿದ್ದು, ಇಂದಿಗೂ ಕಚೇರಿ, ಕಾಲೇಜು, ಆಸ್ಪತ್ರೆ ಅಥವಾ ಅಂಗಡಿಗಳಾಗಿ ದಿನನಿತ್ಯದ ಬಳಕೆಯಲ್ಲಿವೆ.

ಉಗಮ

ಯದುವಂಶದ ಆಳ್ವಿಕೆ ಮೈಸೂರಿನಲ್ಲಿ 1399ರಲ್ಲಿ ಆರಂಭವಾಯಿತೆಂಬುದು ಪರಂಪರಾಗತ ನಂಬಿಕೆ. 1610ರಲ್ಲಿ ರಾಜ ಒಡೆಯರು ರಾಜಧಾನಿಯನ್ನು ಶ್ರೀರಂಗಪಟ್ಟಣಕ್ಕೆ ಸ್ಥಳಾಂತರಿಸಿದ ಮೇಲೆ ಮೈಸೂರು ಎರಡನೆಯ ಸ್ಥಾನಕ್ಕೆ ಸರಿಯಿತು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನು ಹಳೆಯ ಕೋಟೆಯನ್ನೂ ಊರನ್ನೂ ಕೆಡವಿಸಿ, ಪೂರ್ವದ ದಿಣ್ಣೆಯ ಮೇಲೆ ನಜರ್‌ಬಾದ್ ಎಂಬ ಹೊಸ ಕೋಟೆಯನ್ನು ಕಟ್ಟಿಸಲು ತೊಡಗಿದನು. ಹೀಗಾಗಿ ಕೋಟೆಯೊಳಗಿನ ಕೆಲವು ದೇವಾಲಯಗಳನ್ನು ಬಿಟ್ಟರೆ 1799ಕ್ಕಿಂತ ಹಿಂದಿನ ಕಟ್ಟಡಗಳು ಮೈಸೂರಿನಲ್ಲಿ ಉಳಿದಿಲ್ಲವೆನ್ನುವಷ್ಟು ವಿರಳ.

1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆ ವರ್ಷದ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಅರಮನೆಯೇ ಇಲ್ಲದ ಊರಿನಲ್ಲಿ ಆ ಸಮಾರಂಭ ಚಪ್ಪರದ ಕೆಳಗೆ ನಡೆಯಿತು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕೋಟೆ ಮತ್ತು ಅರಮನೆಗಳ ಮರುನಿರ್ಮಾಣ ಆರಂಭವಾಯಿತು. ನಜರ್‌ಬಾದ್ ಕೋಟೆಯ ಕಲ್ಲುಗಳನ್ನೇ ಹಿಂದಕ್ಕೆ ತಂದು ಬಳಸಲಾಯಿತು. ಇಂದಿನ ನಗರ ಕೇಂದ್ರದ ಇತಿಹಾಸ ಈ ಮರುನಿರ್ಮಾಣದಿಂದಲೇ ಆರಂಭವಾಗುತ್ತದೆ.

ಬೆಳವಣಿಗೆಯ ಹಂತಗಳು

ಮೊದಲ ಹಂತ (1799–1881): ಈ ಹಂತದ ಮೊದಲ ದಶಕಗಳಲ್ಲಿ ಮರದ ಅರಮನೆ, ಅಗ್ರಹಾರಗಳು ಮತ್ತು ಬ್ರಿಟಿಷ್ ರೆಸಿಡೆಂಟರ ನಿವಾಸ ನಿರ್ಮಾಣವಾದವು. ಈಗ ಸರ್ಕಾರಿ ಭವನವೆನಿಸಿರುವ ಆ ನಿವಾಸವನ್ನು ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ 1805ರಲ್ಲಿ ಕಟ್ಟಿಸಲು ತೊಡಗಿದರು. ಅನಂತರ ಎಂಜಿನಿಯರ್ ಡಿ ಹ್ಯಾವಿಲೆಂಡ್ ನಡುವೆ ಒಂದೂ ಕಂಬವಿಲ್ಲದ ವಿಶಾಲವಾದ ಭೋಜನಶಾಲೆಯನ್ನು ಅದಕ್ಕೆ ಸೇರಿಸಿದರು. 1831ರಲ್ಲಿ ಆಡಳಿತ ಬ್ರಿಟಿಷ್ ಕಮಿಷನರರ ಕೈಗೆ ಹೋಗಿ ಸರ್ಕಾರದ ಕಚೇರಿಗಳು ಬೆಂಗಳೂರಿಗೆ ಸಾಗಿದ್ದರಿಂದ ಮೈಸೂರಿನ ನಿರ್ಮಾಣ ಕಾರ್ಯ ನಿಧಾನವಾಯಿತು. ಈ ಅವಧಿಯ ಪ್ರಮುಖ ಕಟ್ಟಡ 1861ರಲ್ಲಿ ಮುಮ್ಮಡಿಯವರು ಕಟ್ಟಿಸಿದ ಜಗನ್ಮೋಹನ ಅರಮನೆ.

ಎರಡನೆಯ ಹಂತ (1881–1897): 1881ರಲ್ಲಿ ಆಡಳಿತ ಮತ್ತೆ ಅರಸರಿಗೆ ಒಪ್ಪಿಸಲ್ಪಟ್ಟು ಹತ್ತನೆಯ ಚಾಮರಾಜ ಒಡೆಯರು ಅಧಿಕಾರಕ್ಕೆ ಬಂದರು. ದಿವಾನರಾದ ಸಿ. ರಂಗಾಚಾರ್ಲು ಮತ್ತು ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಾರ್ವಜನಿಕ ಕಟ್ಟಡಗಳ ಸರಣಿಯೇ ಎದ್ದಿತು. ಕಾವೇರಿಯ ನೀರನ್ನು ಊರಿಗೆ ತರಲೆಂದು ಪೂರ್ಣಯ್ಯನವರ ಕಾಲದಲ್ಲಿ ತೋಡಲು ಆರಂಭಿಸಿ ಗುರಿ ಮುಟ್ಟದೆ ಉಳಿದಿದ್ದ ನಾಲೆ ಕ್ರಮೇಣ ಕೊಳಚೆಯ ತಾಣವಾಗಿತ್ತು. ಊರೊಳಗಿನ ಅದರ ಭಾಗವನ್ನು ಈ ಹಂತದಲ್ಲಿ ಮುಚ್ಚಿದ್ದರಿಂದ ಅಗಲವಾದ ರಸ್ತೆಗೂ ಮಾರುಕಟ್ಟೆಗೂ ಜಾಗ ದೊರೆಯಿತು. ಪುರಭವನ, ದೇವರಾಜ ಮಾರುಕಟ್ಟೆ, ಚಿಕ್ಕ ಗಡಿಯಾರ, ಜ್ಯೂಬಿಲಿ ಕಟ್ಟಡ ಮತ್ತು ಲ್ಯಾನ್ಸ್‌ಡೌನ್ ಕಟ್ಟಡ ಈ ಹಂತದ ಕೊಡುಗೆಗಳು.

ಮೂರನೆಯ ಹಂತ (1897–1947): 1897ರ ಫೆಬ್ರುವರಿಯಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ, ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದರ ಮುಂದಿನ ವರ್ಷಗಳಲ್ಲಿ ಪ್ಲೇಗ್ ನಗರವನ್ನು ಕಾಡಿತು. ಬೆಂಕಿಯಿಂದಾಗಿ ಹೊಸ ಅರಮನೆಯೂ, ಪ್ಲೇಗಿನಿಂದಾಗಿ ಹೊಸ ಬಡಾವಣೆಗಳೂ ಚರಂಡಿಗಳೂ ಅಗಲವಾದ ರಸ್ತೆಗಳೂ ರೂಪುಗೊಂಡವು. ನಗರದ ಯೋಜಿತ ಬೆಳವಣಿಗೆಗಾಗಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಭಾರತದಲ್ಲಿ ಈ ಬಗೆಯ ಸಂಸ್ಥೆಗಳ ಪೈಕಿ ಇದು ತೀರ ಮೊದಲಿನವುಗಳಲ್ಲಿ ಒಂದು. ನಾಲ್ವಡಿ ಕೃಷ್ಣರಾಜ ಒಡೆಯರ ದೀರ್ಘ ಆಳ್ವಿಕೆಯಲ್ಲಿ, ವಿಶೇಷವಾಗಿ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1926ರಿಂದ 1941ರವರೆಗಿನ ವರ್ಷಗಳಲ್ಲಿ, ವೃತ್ತಗಳು, ಉದ್ಯಾನಗಳು ಮತ್ತು ಬೀದಿದೀಪಗಳ ಮೂಲಕ ನಗರ ಕೇಂದ್ರಕ್ಕೆ ಇಂದಿನ ರೂಪ ಬಂದಿತು.

ರಚನೆ ಮತ್ತು ನಿರ್ಮಾಣ ಸಾಮಗ್ರಿ

ಈ ಕಟ್ಟಡಗಳ ಮೂಲ ಬಂಧಕ ಸಿಮೆಂಟ್ ಅಲ್ಲ, ಸುಣ್ಣ. ಸುಟ್ಟ ಸುಣ್ಣಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳಿನೊಂದಿಗೆ ಇಲ್ಲವೆ ಇಟ್ಟಿಗೆಯ ಪುಡಿಯಾದ ಸುರ್ಕಿಯೊಂದಿಗೆ ಬೆರೆಸಿ, ಎತ್ತು ಎಳೆಯುವ ಕಲ್ಲಿನ ಗಾಣದಲ್ಲಿ ನುಣ್ಣಗೆ ಅರೆದಾಗ ಗಾರೆ ಸಿದ್ಧವಾಗುತ್ತಿತ್ತು. ಅಂಟು ಹೆಚ್ಚಲೆಂದು ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಸೇರಿಸುವುದು ದಕ್ಷಿಣ ಭಾರತದ ಗಾರೆ ಕೆಲಸದವರಲ್ಲಿ ವಾಡಿಕೆಯಾಗಿತ್ತು. ಗಾರೆ ಗಟ್ಟಿಯಾಗಲು ಬಹುಕಾಲ ಹಿಡಿಯುತ್ತದೆ. ಆದರೆ ಗೋಡೆ ಹೀರಿಕೊಂಡ ತೇವವನ್ನು ಹೊರಕ್ಕೆ ಬಿಡುವ ಗುಣ ಅದಕ್ಕಿದ್ದು, ಗೋಡೆ ಅಲ್ಪಸ್ವಲ್ಪ ಅಲುಗಿದರೂ ಬಿರುಕು ಬಿಡದೆ ಹೊಂದಿಕೊಳ್ಳುತ್ತದೆ.

ಭಾರ ಹೊರುವುದು ದಪ್ಪ ಗೋಡೆಗಳೇ. ಕಾಂಕ್ರೀಟಿನ ಕಂಬ ಮತ್ತು ತೊಲೆಗಳ ಚೌಕಟ್ಟು ಇಲ್ಲದಿರುವುದರಿಂದ ಒಂದು ಗೋಡೆಯನ್ನು ಒಡೆದರೆ ಅಥವಾ ಒಂದು ಕಮಾನನ್ನು ಕಿತ್ತರೆ ಅದರ ಪರಿಣಾಮ ಪಕ್ಕದ ಭಾಗಗಳಿಗೂ ತಟ್ಟುತ್ತದೆ. ಸಾಲುಗಮಾನುಗಳ ರಚನೆಯಲ್ಲಿ ಪ್ರತಿಯೊಂದು ಕಮಾನೂ ತನ್ನ ಒತ್ತಡವನ್ನು ಪಕ್ಕದ ಕಮಾನಿಗೆ ಸಾಗಿಸಿ ಸಮತೋಲ ಕಾಯ್ದುಕೊಳ್ಳುತ್ತದೆ.

ಚಾವಣಿಗಳಲ್ಲಿ ಎರಡು ಬಗೆಗಳು ಮುಖ್ಯ. ಮೊದಲನೆಯದು ಮಂಗಳೂರು ಹೆಂಚಿನ ಇಳಿಜಾರು ಚಾವಣಿ. ಎರಡನೆಯದು ಮದ್ರಾಸ್ ತಾರಸಿ ಎಂದು ಹೆಸರಾದ ಸಮತಟ್ಟು ಚಾವಣಿ. ಇದರಲ್ಲಿ ತೊಲೆಗಳ ಮೇಲೆ ಸಾಲಾಗಿ ಮರದ ಜಂತೆಗಳನ್ನಿಟ್ಟು, ಅವುಗಳ ಮೇಲೆ ತೆಳುವಾದ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿ, ಗಾರೆಯಿಂದ ಬೆಸೆದು, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಚ್ಚನ್ನು ಹರಡಿ ಮರದ ಕೊಡತಿಯಿಂದ ಬಡಿದು ಬಿಗಿಗೊಳಿಸಲಾಗುತ್ತಿತ್ತು. ಜಂತೆಗಳ ತುದಿಗಳು ಗೋಡೆಯೊಳಗೆ ಹುದುಗಿರುವುದರಿಂದ ಗೋಡೆಗೆ ನೀರು ಇಳಿದರೆ ಮೊದಲು ಕೊಳೆಯುವುದು ಕಣ್ಣಿಗೆ ಕಾಣದ ಆ ತುದಿಗಳೇ.

ಶೈಲಿಗಳು

ನಗರ ಕೇಂದ್ರದಲ್ಲಿ ಮೂರು ಶೈಲಿಗಳು ಪ್ರಧಾನವಾಗಿ ಕಾಣುತ್ತವೆ. ಗ್ರೀಕ್ ಮತ್ತು ರೋಮನ್ ಮಾದರಿಯ ಕಂಬಸಾಲು, ತ್ರಿಕೋನ ಮುಖಪಟ್ಟಿ ಮತ್ತು ಅರ್ಧವೃತ್ತಾಕಾರದ ಕಮಾನುಗಳುಳ್ಳದ್ದು ಯುರೋಪಿನ ಶಾಸ್ತ್ರೀಯ ಶೈಲಿ. ಪುರಭವನ ಇದಕ್ಕೆ ನಿದರ್ಶನ. ಹಿಂದೂ, ಇಸ್ಲಾಮಿಕ್, ರಜಪೂತ ಮತ್ತು ಗೋಥಿಕ್ ಅಂಶಗಳನ್ನು ಬೆರೆಸಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳು ಬೆಳೆಸಿದ ಇಂಡೋ-ಸಾರ್ಸೆನಿಕ್ ಶೈಲಿ ಎರಡನೆಯದು. ಗುಮ್ಮಟ, ಛತ್ರಿ, ಬಳುಕುಗಮಾನು ಮತ್ತು ಮುಂಚಾಚಿದ ಮೊಗಸಾಲೆ ಇದರ ಗುರುತುಗಳು. ಮೂರನೆಯದು ಸ್ಥಳೀಯ ಸಾಂಪ್ರದಾಯಿಕ ಶೈಲಿ. ನಡುವೆ ತೆರೆದ ಅಂಗಳವಿರುವ ತೊಟ್ಟಿ ಮನೆಗಳು, ಬೀದಿಗೆ ಮುಖಮಾಡಿದ ಜಗಲಿಗಳು ಮತ್ತು ಕೆತ್ತನೆಯ ಮರದ ಕಂಬಗಳು ಇದಕ್ಕೆ ಸೇರುತ್ತವೆ. ಹಳೆಯ ಅಗ್ರಹಾರಗಳಲ್ಲಿ ಇವುಗಳ ಕೆಲವು ಮಾದರಿಗಳು ಉಳಿದಿವೆ. ಒಂದೇ ಕಟ್ಟಡದಲ್ಲಿ ಈ ಶೈಲಿಗಳು ಬೆರೆತಿರುವುದೂ ಉಂಟು.

ಬಗೆಗಳು

ಅರಮನೆಗಳು: ಅಂಬಾವಿಲಾಸ ಅರಮನೆಯನ್ನು, ಸುಟ್ಟುಹೋದ ಮರದ ಅರಮನೆಯ ಸ್ಥಳದಲ್ಲೇ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಅಪೇಕ್ಷೆಯಂತೆ 1897ರಲ್ಲಿ ಆರಂಭಿಸಿ 1912ರಲ್ಲಿ ಪೂರ್ಣಗೊಳಿಸಲಾಯಿತು. ಶಿಮ್ಲಾದ ವೈಸ್‌ರಾಯ್ ನಿವಾಸವನ್ನು ವಿನ್ಯಾಸಗೊಳಿಸಿದ್ದ ಹೆನ್ರಿ ಇರ್ವಿನ್ ಇದರ ವಾಸ್ತುಶಿಲ್ಪಿ. ಒಟ್ಟು ವೆಚ್ಚ 41,47,913 ರೂಪಾಯಿ. ಬೂದು ಬಣ್ಣದ ಬೆಣಚುಕಲ್ಲಿನ ಮೂರು ಅಂತಸ್ತುಗಳ ಮೇಲೆ 145 ಅಡಿ ಎತ್ತರದ ಗೋಪುರವಿದ್ದು, ಅದರ ತುದಿಯ ಗುಮ್ಮಟಕ್ಕೆ ಚಿನ್ನದ ಲೇಪವಿದೆ. ಎಂಟು ಮೂಲೆಯ ಕಲ್ಯಾಣಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಲ್ಲಿ ತಯಾರಾದವು. ಚಾವಣಿಯ ಬಣ್ಣದ ಗಾಜಿನಲ್ಲಿ ನವಿಲಿನ ಚಿತ್ತಾರವಿದೆ. ಹಿಂದಿನ ಅರಮನೆ ಮರದ್ದಾಗಿದ್ದರಿಂದಲೇ ಬೆಂಕಿಗೆ ತುತ್ತಾಗಿದ್ದನ್ನು ಮನಗಂಡು ಹೊಸದರಲ್ಲಿ ಕಲ್ಲು, ಇಟ್ಟಿಗೆ ಮತ್ತು ಕಬ್ಬಿಣಕ್ಕೆ ಪ್ರಾಶಸ್ತ್ಯ ನೀಡಲಾಯಿತು. ಜಗನ್ಮೋಹನ ಅರಮನೆ ಈ ನಿರ್ಮಾಣ ಕಾಲದಲ್ಲಿ ರಾಜಕುಟುಂಬದ ವಾಸಸ್ಥಾನವಾಗಿತ್ತು. 1902ರಲ್ಲಿ ವೈಸ್‌ರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟ ಸಮಾರಂಭ ನಡೆದದ್ದು ಅಲ್ಲಿಯೇ. ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳಿಗೂ ಅದರ ಸಭಾಮಂಟಪ ಬಳಕೆಯಾಯಿತು. 1915ರಿಂದ ಅದು ಚಿತ್ರಶಾಲೆಯಾಗಿದ್ದು, ರಾಜಾ ರವಿವರ್ಮನ ಮೂಲಚಿತ್ರಗಳನ್ನು ಒಳಗೊಂಡಿದೆ.

ಮಾರುಕಟ್ಟೆಗಳು: ದೇವರಾಜ ಮಾರುಕಟ್ಟೆಗೆ 17ನೆಯ ಶತಮಾನದ ಅರಸ ದೊಡ್ಡ ದೇವರಾಜ ಒಡೆಯರ ಹೆಸರಿದೆ. ವಾರದ ಸಂತೆ ಸೇರುತ್ತಿದ್ದ ಜಾಗದಲ್ಲಿ ಇಂದಿನ ಕಟ್ಟಡದ ಮುಖ್ಯ ಭಾಗ 1886ರ ಸುಮಾರಿಗೆ ರೂಪುಗೊಂಡು, 20ನೆಯ ಶತಮಾನದ ಆರಂಭದ ದಶಕಗಳಲ್ಲಿ ವಿಸ್ತಾರಗೊಂಡಿತು. ಉದ್ದನೆಯ ಆಯತಾಕಾರದ ಈ ಮಾರುಕಟ್ಟೆಯ ದಕ್ಷಿಣದ ಬಾಗಿಲು ಚಿಕ್ಕ ಗಡಿಯಾರದ ಕಡೆಗೂ, ಉತ್ತರದ ಬಾಗಿಲು ಧನ್ವಂತರಿ ರಸ್ತೆಯ ಕಡೆಗೂ ತೆರೆಯುತ್ತವೆ. ಹೊರಸುತ್ತಿನ ಅಂಗಡಿಗಳು ಸಯ್ಯಾಜಿರಾವ್ ರಸ್ತೆಗೆ ಮುಖಮಾಡಿದ್ದರೆ, ಒಳಗೆ ಹೂವು, ಹಣ್ಣು, ತರಕಾರಿ, ವೀಳ್ಯದೆಲೆ, ಬಾಳೆಹಣ್ಣು, ಗ್ರಂಧಿಗೆ ಸಾಮಾನು ಮತ್ತು ಅರಿಸಿನ ಕುಂಕುಮಗಳಿಗೆ ಪ್ರತ್ಯೇಕ ಸಾಲುಗಳಿವೆ. ಒಟ್ಟು ಮಳಿಗೆಗಳು 800ಕ್ಕೂ ಹೆಚ್ಚು. ಕುಂಕುಮದ ಸಾಲಿನಲ್ಲಿ ಬಣ್ಣಬಣ್ಣದ ಪುಡಿಗಳನ್ನು ಗೋಪುರದಂತೆ ರಾಶಿ ಮಾಡಿಡುವ ಪದ್ಧತಿ ಇಂದಿಗೂ ಇದೆ. ಲ್ಯಾನ್ಸ್‌ಡೌನ್ ಕಟ್ಟಡ, ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗಾಗಿ 1892ರಲ್ಲಿ ನಿರ್ಮಾಣವಾದ, ಮುಂದೆ ಸಾಲುಗಮಾನುಗಳ ಮೊಗಸಾಲೆಯುಳ್ಳ ವ್ಯಾಪಾರ ಮಳಿಗೆಗಳ ಸಂಕೀರ್ಣ. ಹಳೆಯ ಪುಸ್ತಕದ ಅಂಗಡಿಗಳಿಗಾಗಿ ಅದು ತಲೆಮಾರುಗಳ ಕಾಲ ವಿದ್ಯಾರ್ಥಿಗಳಿಗೆ ಪರಿಚಿತವಾಗಿತ್ತು.

ಗಡಿಯಾರ ಗೋಪುರಗಳು: ವೈಸ್‌ರಾಯ್ ಲಾರ್ಡ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುದರ ನೆನಪಿಗೆ ಕಟ್ಟಿದ ಡಫರಿನ್ ಗಡಿಯಾರ ಗೋಪುರವನ್ನು ಜನ ಚಿಕ್ಕ ಗಡಿಯಾರ ಎನ್ನುತ್ತಾರೆ. ನಾಲ್ವಡಿಯವರ ಆಳ್ವಿಕೆಯ ರಜತೋತ್ಸವದ ಅಂಗವಾಗಿ 1927ರಲ್ಲಿ ಪುರಭವನದ ಬಳಿ ಎದ್ದ 75 ಅಡಿ ಎತ್ತರದ ಗೋಪುರ ದೊಡ್ಡ ಗಡಿಯಾರವೆಂದು ಹೆಸರಾಗಿದೆ; ಅದರ ಮುಖದ ಮೇಲೆ ಗಂಟೆಗಳನ್ನು ಕನ್ನಡ ಅಂಕಿಗಳಲ್ಲಿ ಗುರುತಿಸಲಾಗಿದೆ.

ಸಭಾಭವನ, ವಿದ್ಯಾಸಂಸ್ಥೆ ಮತ್ತು ಕಚೇರಿಗಳು: 1883ರಲ್ಲಿ ನಿಧನರಾದ ದಿವಾನ್ ರಂಗಾಚಾರ್ಲು ಅವರ ಸ್ಮಾರಕವಾಗಿ 1884ರಲ್ಲಿ ಪುರಭವನಕ್ಕೆ ಅಸ್ತಿಭಾರ ಹಾಕಲಾಯಿತು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ದಿವಾನರ ಹೆಸರಿನ ಈ ಭವನ ಸಾರ್ವಜನಿಕ ಸಭೆಗಳಿಗೂ ನಾಟಕಗಳಿಗೂ ವೇದಿಕೆಯಾಯಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ನಿಮಿತ್ತ 1887ರಲ್ಲಿ ಅಸ್ತಿಭಾರ ಕಂಡ ಜ್ಯೂಬಿಲಿ ಕಟ್ಟಡದಲ್ಲಿ 1891ರಿಂದ ಪ್ರಾಚ್ಯ ಗ್ರಂಥಾಲಯ ನಡೆಯಿತು. ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಅದೇ. ಇಲ್ಲಿನ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಮಹಾರಾಜ ಕಾಲೇಜು, ಮಹಾರಾಣಿ ಕಾಲೇಜು, ಸಂಸ್ಕೃತ ಪಾಠಶಾಲೆ, ಆಯುರ್ವೇದ ಕಾಲೇಜು, ವೈದ್ಯಕೀಯ ಕಾಲೇಜು ಮತ್ತು ಗಾರ್ಡನ್ ಪಾರ್ಕಿನಲ್ಲಿರುವ ಜಿಲ್ಲಾಧಿಕಾರಿಗಳ ಹಳೆಯ ಕಚೇರಿ ಈ ವರ್ಗದ ಇತರ ಕಟ್ಟಡಗಳು.

ಧಾರ್ಮಿಕ ಕಟ್ಟಡಗಳು: ಕೋಟೆಯೊಳಗಿನ ಲಕ್ಷ್ಮೀರಮಣಸ್ವಾಮಿ, ತ್ರಿನೇಶ್ವರಸ್ವಾಮಿ ಮತ್ತು ಶ್ವೇತವರಾಹಸ್ವಾಮಿ ದೇವಾಲಯಗಳು ಪ್ರಮುಖವಾದವು. ಇವುಗಳಲ್ಲಿ ಲಕ್ಷ್ಮೀರಮಣಸ್ವಾಮಿ ದೇವಾಲಯದ ಶಾಸನ 1499ರಷ್ಟು ಹಳೆಯದು. ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿಯವರು ಅಸ್ತಿಭಾರವಿಟ್ಟರು. ನವಗೋಥಿಕ್ ಶೈಲಿಯ ಅದರ ಜೋಡಿ ಗೋಪುರಗಳ ಎತ್ತರ 175 ಅಡಿ.

ಉಪಯೋಗ

ಅರಮನೆಯನ್ನು ಅರಮನೆ ಮಂಡಳಿ ನಿರ್ವಹಿಸುತ್ತಿದ್ದು ಅದು ವಸ್ತುಸಂಗ್ರಹಾಲಯದಂತೆ ಸಾರ್ವಜನಿಕರಿಗೆ ತೆರೆದಿದೆ. ದಸರಾ ಜಂಬೂಸವಾರಿ ಅರಮನೆಯ ಆವರಣದಿಂದ ಹೊರಟು ಚಾಮರಾಜ ವೃತ್ತ, ಕೃಷ್ಣರಾಜ ವೃತ್ತ, ಸಯ್ಯಾಜಿರಾವ್ ರಸ್ತೆ ಮತ್ತು ಆಯುರ್ವೇದ ಕಾಲೇಜು ವೃತ್ತಗಳ ಮೂಲಕ ಬನ್ನಿಮಂಟಪಕ್ಕೆ ಸಾಗುವುದರಿಂದ, ನಗರ ಕೇಂದ್ರದ ಕಟ್ಟಡಗಳೇ ಆ ಮೆರವಣಿಗೆಯ ಇಕ್ಕೆಲದ ಹಿನ್ನೆಲೆಯಾಗುತ್ತವೆ. ಮೆರವಣಿಗೆ ನೋಡಲು ಜನ ಹಳೆಯ ಕಟ್ಟಡಗಳ ತಾರಸಿ ಮತ್ತು ಮೊಗಸಾಲೆಗಳನ್ನು ಏರುವುದು ಅಪಾಯಕಾರಿಯೆಂದು ಆಡಳಿತ ಎಚ್ಚರಿಸುತ್ತ ಬಂದಿದೆ. ಕಾಲೇಜು, ಆಸ್ಪತ್ರೆ ಮತ್ತು ಕಚೇರಿ ಕಟ್ಟಡಗಳಲ್ಲಿ ಹೆಚ್ಚಿನವು ಕಟ್ಟಿದ ಉದ್ದೇಶಕ್ಕೇ ಇಂದಿಗೂ ಬಳಕೆಯಾಗುತ್ತಿರುವುದು ಮೈಸೂರಿನ ವೈಶಿಷ್ಟ್ಯ.

ಶಿಥಿಲತೆಯ ಕಾರಣಗಳು

ಹಳೆಯ ಕಟ್ಟಡಗಳ ಮೊದಲ ಶತ್ರು ನೀರು. ಚಾವಣಿಯ ಗಚ್ಚು ಬಿರಿದಾಗ, ಮಳೆನೀರಿನ ಕೊಳವೆ ಕಟ್ಟಿಕೊಂಡಾಗ ಅಥವಾ ಪಕ್ಕದ ಚರಂಡಿ ಸೋರಿದಾಗ ಗೋಡೆ ಒದ್ದೆಯಾಗಿ ಗಾರೆ ಸಡಿಲಗೊಳ್ಳುತ್ತದೆ, ಜಂತೆಗಳಿಗೆ ಗೆದ್ದಲು ಹತ್ತುತ್ತದೆ. ಹಕ್ಕಿಗಳು ತಂದು ಬೀಳಿಸಿದ ಅರಳಿ ಮತ್ತು ಆಲದ ಬೀಜಗಳು ಗೋಡೆಯ ಸಂದಿಯಲ್ಲಿ ಮೊಳೆತು, ಬೇರುಗಳು ಇಟ್ಟಿಗೆಯ ವರಸೆಗಳನ್ನು ಬಿಡಿಸುತ್ತವೆ. ದುರಸ್ತಿಯ ಹೆಸರಿನಲ್ಲಿ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿದಾಗ ತೇವ ಹೊರಹೋಗಲಾರದೆ ಒಳಗೇ ಉಳಿದು ಹಾನಿ ಹೆಚ್ಚುತ್ತದೆ. ಮಳಿಗೆಗಳ ನಡುವಿನ ಗೋಡೆಗಳನ್ನು ಒಡೆಯುವುದು, ಅಟ್ಟಗಳನ್ನು ಸೇರಿಸುವುದು ಮತ್ತು ಭಾರವಾದ ಫಲಕಗಳನ್ನು ತೂಗುಹಾಕುವುದು ಇತರ ಕಾರಣಗಳು.

ಇತ್ತೀಚಿನ ಕುಸಿತಗಳು ಈ ಕಾರಣಗಳತ್ತ ಗಮನ ಸೆಳೆದಿವೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು. ಅನಂತರ ಅಂಗಡಿಗಳನ್ನು ತೆರವುಗೊಳಿಸಲಾಯಿತು. 2016ರ ಆಗಸ್ಟ್ 28ರಂದು, ದುರಸ್ತಿ ಕಾರ್ಯ ನಡೆಯುತ್ತಿದ್ದಾಗಲೇ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿದ್ದುಹೋಯಿತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗವೂ ಅರಮನೆಯ ಕೋಟೆ ಗೋಡೆಯ ಒಂದು ಭಾಗವೂ ಕುಸಿದವು. ಈ ನಾಲ್ಕು ಘಟನೆಗಳೂ ಮಳೆಗಾಲದ ತಿಂಗಳುಗಳಲ್ಲೇ ನಡೆದವು.

ಸಂರಕ್ಷಣೆ ಮತ್ತು ಕಾನೂನು

ಪ್ರಾಚೀನ ಸ್ಮಾರಕಗಳಿಗೆ ಸಂಬಂಧಿಸಿದ ಕರ್ನಾಟಕದ 1961ರ ಕಾಯ್ದೆ ಘೋಷಿತ ಸ್ಮಾರಕಗಳಿಗೆ ರಕ್ಷಣೆ ಕೊಡುತ್ತದೆ. ಘೋಷಣೆಯಾಗದ ಪಾರಂಪರಿಕ ಕಟ್ಟಡಗಳ ನಿಯಂತ್ರಣ ಮುಖ್ಯವಾಗಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹಾಗೂ ನಗರದ ಮಹಾಯೋಜನೆಯ ಮೂಲಕ ನಡೆಯುತ್ತದೆ. ಮೈಸೂರಿನಲ್ಲಿ ಸುಮಾರು 200 ಕಟ್ಟಡಗಳನ್ನು ತಜ್ಞರ ಸಮಿತಿ ಪಾರಂಪರಿಕವೆಂದು ಪಟ್ಟಿ ಮಾಡಿದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದ್ದು, ಜಿಲ್ಲಾ ಮಟ್ಟದ ಪಾರಂಪರಿಕ ಸಮಿತಿ ದುರಸ್ತಿ ಮತ್ತು ಮಾರ್ಪಾಡುಗಳ ಬಗ್ಗೆ ಸಲಹೆ ನೀಡುತ್ತದೆ.

ಸಂರಕ್ಷಣೆಯಲ್ಲಿ ಮೂರು ಕ್ರಮಗಳನ್ನು ಪ್ರತ್ಯೇಕಿಸಬೇಕು. ಇರುವ ರಚನೆಯನ್ನು ಇನ್ನಷ್ಟು ಹಾಳಾಗದಂತೆ ಕಾಪಾಡುವುದು ಸಂರಕ್ಷಣೆ. ಹಾಳಾದ ಭಾಗವನ್ನು ಮೂಲ ಸಾಮಗ್ರಿ ಮತ್ತು ವಿಧಾನದಿಂದ ಸರಿಪಡಿಸುವುದು ಜೀರ್ಣೋದ್ಧಾರ. ಹಳೆಯದನ್ನು ಕೆಡವಿ ಅದೇ ಹೊರರೂಪದಲ್ಲಿ ಹೊಸದಾಗಿ ಕಟ್ಟುವುದು ಪುನರ್ನಿರ್ಮಾಣ. ಮೂರನೆಯದರಲ್ಲಿ ಕಟ್ಟಡದ ಆಕಾರ ಮರಳಿ ಬಂದರೂ ಮೂಲ ಸಾಮಗ್ರಿ ಮತ್ತು ಕೈಕೆಲಸ ಉಳಿಯುವುದಿಲ್ಲ.

ಇಂದಿನ ಸ್ಥಿತಿ

ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡಗಳನ್ನು ಕೆಡವಿ ಅದೇ ಮಾದರಿಯಲ್ಲಿ ಪುನರ್ನಿರ್ಮಿಸಬೇಕೆಂಬ ನಿಲುವನ್ನು ನಗರಾಡಳಿತ ತಳೆದಿತು. ಸುಣ್ಣದ ಗಾರೆಯಿಂದಲೇ ಜೀರ್ಣೋದ್ಧಾರ ಸಾಧ್ಯವೆಂದು ಪರಂಪರೆ ತಜ್ಞರು ಪ್ರತಿಪಾದಿಸಿದರು. ಸ್ಥಳಾಂತರದಿಂದ ವ್ಯಾಪಾರ ಕೈತಪ್ಪೀತೆಂಬ ಆತಂಕ ವರ್ತಕರದ್ದಾಗಿತ್ತು. ಈ ವಿವಾದ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು. ಬಿರುಕು ಬಿಟ್ಟಿದ್ದ ದೊಡ್ಡ ಗಡಿಯಾರದ ಜೀರ್ಣೋದ್ಧಾರವನ್ನು ಕೈಗೆತ್ತಿಕೊಳ್ಳಲಾಯಿತು. ಸರ್ಕಾರದ ಒಡೆತನದ ದೊಡ್ಡ ಕಟ್ಟಡಗಳು ಪಟ್ಟಿಯಲ್ಲಿದ್ದು ಗಮನಕ್ಕೆ ಬರುತ್ತಿದ್ದರೂ, ಅಗ್ರಹಾರ ಮತ್ತು ಪೇಟೆ ಬೀದಿಗಳ ಖಾಸಗಿ ತೊಟ್ಟಿ ಮನೆಗಳು ಪಾಲುಪಟ್ಟಿ ಮತ್ತು ಜಮೀನಿನ ಬೆಲೆಯೇರಿಕೆಯಿಂದಾಗಿ ಬೇಗ ಕಣ್ಮರೆಯಾಗುತ್ತಿವೆ.

ಸುಣ್ಣದ ಗಾರೆ ಅರೆಯಲು, ಮದ್ರಾಸ್ ತಾರಸಿ ಕೂಡಿಸಲು ಮತ್ತು ಕಮಾನು ಕಟ್ಟಲು ಬಲ್ಲ ಕುಶಲಕರ್ಮಿಗಳು ಈಗ ಕಡಿಮೆಯಾಗಿದ್ದಾರೆ. ಮಳೆಗಾಲಕ್ಕೆ ಮುಂಚೆ ಚಾವಣಿ ಮತ್ತು ನೀರಿನ ಕೊಳವೆಗಳನ್ನು ಶುಚಿಗೊಳಿಸುವುದು, ಗಿಡಗಳನ್ನು ಬೇರುಸಹಿತ ತೆಗೆಯುವುದು, ಸಿಮೆಂಟಿನ ಬದಲು ಸುಣ್ಣದಿಂದಲೇ ತೇಪೆ ಹಾಕುವುದು ಇವು ಈ ಕಟ್ಟಡಗಳ ಆಯುಷ್ಯ ಹೆಚ್ಚಿಸುವ ಮೂಲಭೂತ ಕ್ರಮಗಳಾಗಿದ್ದು, ಪ್ರತಿವರ್ಷ ತಪ್ಪದೆ ನಡೆಯಬೇಕಾದ ಕೆಲಸಗಳಾಗಿವೆ.